ಅತ್ತೆ ಕೇಳಬೇಕಿದ್ದ ಮೊದಲ ದನಿ

ಒಂದೂರಲ್ಲಿ ಒಬ್ಬಳಿದ್ದಳಂತೆ. ಅವಳ ದನಿ ದೂರದೇಶದ ಸುಂದರಿಯರ ತುಟಿಗಳ ಮೇಲೆ ವಾಸವಾಗಿತ್ತಂತೆ. ಯಾವ ರಾಕ್ಷಸನೂ ಕದ್ದದ್ದಲ್ಲ ಬಿಡಿ, ಸಂಬಳಕ್ಕೆ ಅವಳೇ ಕೊಟ್ಟದ್ದು. ವಿದೇಶಿ ಧಾರಾವಾಹಿಗಳಿಗೆ ಕನ್ನಡದಲ್ಲಿ ಮಾತಾಡುವ ಡಬ್ಬಿಂಗ್ ಕಲಾವಿದೆ ಅವಳು.

ಆ ಮಧ್ಯಾಹ್ನ ಅವಳು ಶ್ರವಣಯಂತ್ರದ ಅಂಗಡಿಯ ಗಾಜಿನ ಬಾಗಿಲು ತಳ್ಳಿದಾಗ, ಒಳಗೆ ರಿಪೇರಿಗೆ ಕೂತಿದ್ದವನ ಕೈಯಿಂದ ಪುಟ್ಟ ಸ್ಕ್ರೂಡ್ರೈವರ್ ಜಾರಿತು.

ಅವಳ ಗಂಡ! ಅವಳು ಮನೆಬಿಟ್ಟ ಮೇಲೆ ಇದೇ ಮೊದಲ ಭೇಟಿ.

“ಅತ್ತೆ ಇನ್ನೂ ಮಿಷನ್ ಹಾಕ್ಕೊಂಡಿಲ್ವಂತೆ... ನಿಮ್ಮ ತಂಗಿ ಫೋನ್ ಮಾಡಿದ್ಲು.”

“‘ಮಿಷನ್ ಹಾಕಿದಾಗ ಮೊದಲು ನನ್ನ ದನಿನೇ ಕೇಳಿಸ್ತೀನಿ’ ಅಂತ ನೀನು ಅಮ್ಮಂಗೆ ಮಾತು ಕೊಟ್ಟಿದ್ಯಲ್ಲ, ಅದಕ್ಕೇ ಹಠ. ದಿನಾ ನಿನ್ನ ಧಾರಾವಾಹಿ ಹಾಕ್ಕೊಂಡು ಕೂರ್ತಾಳೆ. ಒಂದಕ್ಷರ ಕೇಳಿಸಲ್ಲ. ಬಂದೋರಿಗೆಲ್ಲ ‘ನನ್ನ ಸೊಸೆ ಮಾತಾಡ್ತಿದ್ದಾಳೆ’ ಅಂತ ತೋರಿಸ್ತಾಳೆ.”

ಅವಳು ಬಗ್ಗಿ ಸ್ಕ್ರೂಡ್ರೈವರ್ ಎತ್ತಿ ಮೇಜಿನ ಮೇಲಿಟ್ಟಳು.

ಮನೆಬಿಟ್ಟ ದಿನದ ಆ ಜಗಳ... ದಿನವಿಡೀ ಸ್ಟುಡಿಯೋದಲ್ಲಿ ಪರದೇಶದ ಪ್ರೇಮಿಗಳ ಮಾತಾಡಿ ಮನೆಗೆ ಬಂದರೆ, ಈ ಮನುಷ್ಯ “ಬಂದ್ಯಾ?” ಎನ್ನುವುದರಾಚೆ ತುಟಿ ಬಿಚ್ಚುತ್ತಿರಲಿಲ್ಲ. ‘ಒಂದು ಸಲವಾದ್ರೂ ಪ್ರೀತಿಸ್ತೀನಿ ಅಂದಿದ್ದೀರಾ?’ ಎಂದು ಕೂಗಿ ಚೀಲ ಎತ್ತಿಕೊಂಡಿದ್ದಳು.

“ಅವತ್ತು ಬಂದ ಬಸ್ಸೆಲ್ಲ ಬಿಟ್ಟೆ ಕಣ್ರೀ. ನೀವು ಓಡಿ ಬರ್ತೀರ ಅಂತ...”

“‘ನನ್ನ ಹಿಂದೆ ಬರಬೇಡಿ’ ಅಂದಿದ್ದು ನೀನೇ ಅಲ್ವಾ?”

“ಹಾಗಂದ್ರೆ ಬರ್ಬೇಕು ರೀ!”

“ಯಾರು ಹೇಳಿದ್ದು?”

ಯಾರು? ಅವಳು ದನಿ ಕೊಟ್ಟ ನಾಯಕಿಯರೆಲ್ಲ ಹಾಗೇ ಅನ್ನುತ್ತಿದ್ದರು. ನಾಯಕರೆಲ್ಲ ಓಡಿಬರುತ್ತಿದ್ದರು. ಇವನ ಮನೆಯಲ್ಲೋ, ಬೇಡ ಅಂದರೆ ಬೇಡ.

ಅಯ್ಯೋ... ಯಾರದೋ ಮಾತು ಆಡಿ ನನ್ನ ಸಂಸಾರ ಮುರಿದುಕೊಂಡೆನಾ!

“ಚಪ್ಪಲಿ ಮೆಟ್ಕೊಂಡು ಬಾಗಿಲಲ್ಲೇ ನಿಂತಿದ್ದೆ,” ಅವನು ತಲೆ ತಗ್ಗಿಸಿದ. “ನೀನು ತಿರುಗಿ ನೋಡಿದ್ರೆ ಬರೋಣ ಅಂತ. ಹೇಳೋಕೆ ನಂಗೆ ಬರಲ್ಲ ಕಣೇ. ಆದ್ರೆ... ಪ್ರೀತಿ ಇತ್ತು. ಈಗ್ಲೂ ಇದೆ.”

ಅವಳು ಅವನ ತೋಳಿಗೆ ಹಣೆಯಿಟ್ಟು ಬಿಕ್ಕಿದಳು. “ನಡೀರಿ... ಮನೆಗೆ ಹೋಗೋಣ.”

ಮನೆಯಲ್ಲಿ ಸೊಸೆಯನ್ನು ಕಂಡವರೇ ಅತ್ತೆ ಕೂದಲು ಸರಿಸಿ ಕಿವಿ ಒಡ್ಡಿದರು. ಅವನು ಯಂತ್ರವನ್ನು ಎಡಗಿವಿಗೆ ಕೂರಿಸಿದ.

“ಬಲಗಡೆಗೆ?” ಅವಳು ಕೇಳಿದಳು.

“ನಿಂಗೆ ಕಾದೂ ಕಾದೂ ತಡವಾಗಿ... ಆ ಕಿವಿ ಪೂರ್ತಿ ಹೋಯ್ತು. ಇನ್ನು ಯಾವ ಮಿಷನ್‌ಗೂ ಸಿಗಲ್ಲ.”

ಎಷ್ಟು ಕ್ಷಮೆ ಕೇಳಿದರೆ ತಾನೇ ಆ ಕಿವಿ ಮರಳೀತು?

ಎಡಬದಿಗೆ ಬಂದು ಕುಳಿತಳು. ಧಾರಾವಾಹಿಯ ಚೆಂದದ ಮಾತುಗಳೆಲ್ಲ ನಾಲಿಗೆಗೆ ಬಂದವು. ಒಂದೂ ಬೇಕೆನಿಸಲಿಲ್ಲ.

“ಅತ್ತೆ... ನಾನು. ತುಂಬಾ ತಡ ಮಾಡಿಬಿಟ್ಟೆ.”

ಅತ್ತೆ ಬೆಚ್ಚಿದರು. ಕಣ್ಣರಳಿಸಿದರು. “ಇಷ್ಟು ದಪ್ಪ ದನಿನೇನೇ ನಿಂದು! ಕೋಗಿಲೆ ಅಂತ ಬೀದಿಗೆಲ್ಲ ಹೇಳಿಬಿಟ್ಟಿದ್ದೀನಲ್ಲೇ!”

ಅವನು ಜೋರಾಗಿ ನಕ್ಕ. ಅವಳು ಅತ್ತಳು.

“ಸುಮ್ಮನಾಗ್ಬೇಡ ಕಣೇ... ಮಾತಾಡು.”

“ಏನು ಮಾತಾಡ್ಲಿ ಅತ್ತೆ?”

“ಏನಾದ್ರೂ. ನಿಲ್ಲಿಸ್ಬೇಡ, ಅಷ್ಟೇ.”