ಖಡಕಿಗೆ ಬಂದಿಳಿದ ಕಡಲಹಕ್ಕಿ

"ಇದಕ್ಕ ಹಾಲು ಯಾರು ಕುಡಿಸಿದ್ರಿ?"

ಕೇತಕಿಯ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

"ನಾನೇ ರೀ," ಎಂದ ಮಾರ್ತಾಂಡ. "ಹಸದಿರಬೇಕು ಅನಿಸ್ತು."

ಖಡಕಿಯಲ್ಲಿ ಅವನ ಕ್ವಾರ್ಟರ್ಸ್‌ನ ಬಾಲ್ಕನಿಯಲ್ಲಿ, ರಟ್ಟಿನ ಡಬ್ಬಿಯೊಳಗೆ ಕಪ್ಪು ಬೆನ್ನಿನ ಹಕ್ಕಿಯೊಂದು ಮುದುಡಿ ಕೂತಿತ್ತು. ಬಿರುಗಾಳಿ ಅದನ್ನು ಸಮುದ್ರದಿಂದೆತ್ತಿ, ಘಟ್ಟ ದಾಟಿಸಿ ಪುಣೆಯ ಈ ಮೂಲೆಗೆ ತಂದು ಎಸೆದಿತ್ತು. ಅರಣ್ಯ ಇಲಾಖೆಯವರು ಅವನಿಗೆ ಕೇತಕಿಯ ನಂಬರ್ ಕೊಟ್ಟಿದ್ದರು.

ಅವಳು ಕಡಲಹಕ್ಕಿಗಳ ವಿಜ್ಞಾನಿ. ವರ್ಷದ ಅರ್ಧವನ್ನು ಈ ಹಕ್ಕಿಗಳು ಗೂಡುಕಟ್ಟುವ ದ್ವೀಪವೊಂದರಲ್ಲೇ ಕಳೆಯುವವಳು. ಕಳೆದ ಸೀಸನ್‌ನಲ್ಲಿ ಅಲ್ಲಿನ ಮೊಟ್ಟೆಗಳನ್ನೆಲ್ಲ ಇಲಿಗಳು ತಿಂದುಹಾಕಿದ್ದವು. ಒಂದು ಮರಿಯೂ ಹಾರಲಿಲ್ಲ. ಈಗ ಪುಣೆಯದೇ ಧನಕವಡಿಯ ಕಾಲೇಜೊಂದು ಪಾಠ ಮಾಡಲು ಕರೆದಿತ್ತು. ಒಪ್ಪಿಕೊಂಡು ಸುಮ್ಮನಾಗಿಬಿಡೋಣ ಎಂದುಕೊಂಡಿದ್ದಳು.

ಹಕ್ಕಿಯನ್ನು ಮನೆಗೆ ಒಯ್ದಳು. ಡ್ಯೂಟಿ ಮುಗಿದ ಮೇಲೆ ಮಾರ್ತಾಂಡ ದಿನವೂ ಮೀನು ತರತೊಡಗಿದ.

"ನೀವು ಮೀನು ಮುಟ್ಟೋರಲ್ಲ, ಹೌದಲ್ರಿ?"

"ಮುಟ್ಟಂಗಿಲ್ರಿ. ಅಂಗಡಿಯವ ಚೀಲಕ್ಕ ಹಾಕ್ತಾನ, ನಾ ಕಣ್ಣು ಮುಚ್ಕೊಂಡು ನಿಂದರ್ತೀನಿ."

ಅವಳು ನಕ್ಕಳು. ತನ್ನ ನಗು ತನಗೇ ಅಪರಿಚಿತವೆನಿಸಿತು. ಅವನು ಅವಳನ್ನೇ ನೋಡುತ್ತಿದ್ದ. ಕಣ್ಣು ಕೂಡಿದಾಗ ಸರಕ್ಕನೆ ಹಕ್ಕಿಯತ್ತ ತಿರುಗಿದ. ಕಿವಿ ಕೆಂಪಾಗಿತ್ತು.

ಹಕ್ಕಿ ಚೇತರಿಸಿಕೊಂಡ ಮೇಲೆ ಇಬ್ಬರೂ ಅವನ ಕಾರಿನಲ್ಲಿ ತಾಮ್ಹಿಣಿ ಘಾಟ್ ಇಳಿದು ಶ್ರೀವರ್ಧನದ ಸಮುದ್ರಕ್ಕೆ ಹೋದರು. ಕೇತಕಿ ಕೈ ಬಿಚ್ಚಿದಳು. ಹಕ್ಕಿ ಒಮ್ಮೆ ತೂರಾಡಿ, ಗಾಳಿ ಹಿಡಿದು, ನೀರಿನ ಮೇಲೆ ದೂರವಾಯಿತು.

ಅವಳು ಮರಳಿನಲ್ಲಿ ಕುಸಿದು ಕೂತಳು. "ಮತ್ತ ದ್ವೀಪಕ್ಕ ಹೋಗೋ ಶಕ್ತಿ ಇಲ್ರಿ ನನಗ. ಕಾಲೇಜಿಗೆ ಹೂಂ ಅಂದ್ರ ಇಲ್ಲೇ ಇರಬಹುದು." ಸ್ವಲ್ಪ ತಡೆದು, "ನಿಮ್ಮ ಹತ್ರ," ಎಂದಳು.

ಮಾರ್ತಾಂಡ ಅವಳ ಪಕ್ಕ ಬಂದು ಕೂತ.

"ಇಲ್ಲೇ ಇರ್ರಿ ಅನ್ನಾಕ ಭಾಳ ಆಸೆ ಅದ ರೀ. ಆದ್ರ ಹಕ್ಕಿ ಹಾರಿದಾಗ ನಿಮ್ಮ ಮಾರಿ ಹೆಂಗ ಅರಳಿತ್ತು ಅಂತ ನೋಡಿದೆ. ಕಾಲೇಜಿನಾಗ ಆ ಮಾರಿ ಇರಂಗಿಲ್ಲ. ಹೋಗಿ ಬರ್ರಿ. ನಾ ಇರ್ತೀನಿ."

"ಹಿಂದೊಬ್ಬರು ಹಂಗೇ ಅಂದಿದ್ರು. ಆಮ್ಯಾಲ ಬ್ಯಾಸತ್ತು ಹೋದ್ರು."

"ನನಗ ಬ್ಯಾಸರಾದ್ರ ರಜಾ ಹಾಕಿ ಬೋಟ್ ಹತ್ತತೀನಿ. ವಾಂತಿ ಆದ್ರೂ ಆಗ್ಲಿ."

ಅವಳ ಕಣ್ಣು ತುಂಬಿತು. ತಲೆಯನ್ನು ಅವನ ಹೆಗಲಿಗೆ ಆನಿಸಿ, ಮೊಬೈಲ್ ತೆಗೆದು, ಬರಲಾಗುವುದಿಲ್ಲವೆಂದು ಕಾಲೇಜಿಗೆ ಮೆಸೇಜ್ ಕಳಿಸಿದಳು. ಆಮೇಲೆ ಹಾಗೆಯೇ ನಿದ್ದೆಹೋದಳು. ಅವಳಿಗೆ ಎಚ್ಚರವಾದೀತೆಂದು ಮಾರ್ತಾಂಡ, ಜೋಮು ಹಿಡಿದ ಹೆಗಲನ್ನು ಅಲುಗಾಡಿಸದೆ ಕೂತ.