ಟ್ರೇಲರ್ ಕೊಂಡಿಯ ಸರಳು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಜೇನು ಸಾಕಣೆಯವನ ಹೆಂಡತಿ ಮೈದುನನ ಜೊತೆ ಠಾಣೆಗೆ ಬಂದಳು. ಹಿಂದಿನ ದಿನ ಇಳಿಜಾರಿನಲ್ಲಿ ಜೀಪಿನ ಹಿಂದಿದ್ದ, ಜೇನುಪೆಟ್ಟಿಗೆ ತುಂಬಿದ ಟ್ರೇಲರ್ ಓಲಾಡಿ, ಜೀಪನ್ನೂ ಎಳೆದುಕೊಂಡು ಮಗುಚಿತ್ತು. ಗಂಡ ಸ್ಥಳದಲ್ಲೇ ಸತ್ತಿದ್ದ.

"ಜೀಪಿಗೆ ಟ್ರೇಲರ್ ಸಿಕ್ಕಿಸೋ ಕೊಂಡಿ ಮಾರಿದವನೇ ಕೊಂದಿದ್ದು ಸಾರ್. ಕಳಪೆ ಮಾಲು ಕೊಟ್ಟ."

ಇನ್ಸ್‌ಪೆಕ್ಟರ್ ಅಂಗಡಿಯವನ ಮೇಲೆ ಎಫ್‌ಐಆರ್ ಹಾಕಿ ಅಪಘಾತದ ಜಾಗಕ್ಕೆ ಹೊರಟರು.

ಪಂಚನಾಮೆ ಸಲೀಸಾಗಲಿಲ್ಲ. ಒಡೆದ ಪೆಟ್ಟಿಗೆಗಳ ಸುತ್ತ ಜೇನುಹುಳಗಳು ಮುತ್ತಿದ್ದವು. ಕಾನ್‌ಸ್ಟೇಬಲ್ ಹುಳ ಕಚ್ಚಿ ಊದಿದ ಮೂಗಿನಲ್ಲೇ ಅಳತೆ ಬರೆದ. ಬ್ರೇಕ್ ಒತ್ತಿದ ಟೈರಿನ ಗುರುತು ಉದ್ದಕ್ಕೂ ಅಂಕುಡೊಂಕಾಗಿತ್ತು. ಕೊಂಡಿ ಮಾತ್ರ ಮುರಿದಿರಲಿಲ್ಲ.

ಅಂಗಡಿಯವನು ಕೊಂಡಿಯ ಫೋಟೋ ನೋಡಿದವನೇ ಕೇಳಿದ: "ಪಕ್ಕದ ಸರಳೆಲ್ಲಿ ಸಾರ್? ಟ್ರೇಲರ್ ಓಲಾಡದ ಹಾಗೆ ಬಿಗಿ ಹಿಡಿಯೋದೇ ಅದು. ರಿವರ್ಸ್ ತಗೊಳ್ಳುವಾಗ ಬಿಚ್ಚಬೇಕು, ಹೊರಡೋ ಮುಂಚೆ ಮತ್ತೆ ಹಾಕಬೇಕು. ಅದಿದೆ ಅನ್ನೋ ಧೈರ್ಯದಲ್ಲಿ ಇಳಿಜಾರಲ್ಲಿ ಜೋರಾಗಿ ಬಿಟ್ಟಿರ್ತಾನೆ."

"ಕೊಳ್ಳೋಕೆ ಯಾರು ಬಂದಿದ್ರು?"

"ಅಣ್ಣತಮ್ಮ ಇಬ್ರೂ. ಬಿಚ್ಚೋ ಹಾಕೋ ರಗಳೆ ಇಲ್ಲದ ದೊಡ್ಡ ಕೊಂಡಿ ತಗೊಳ್ಳೋಣ, ಈ ಭಾರಕ್ಕೆ ಅದೇ ಸರಿ ಅಂದ ತಮ್ಮ. 'ನಿನ್ನನ್ಯಾರೋ ಕೇಳಿದ್ದು?' ಅಂತ ಅಣ್ಣ ಎಲ್ಲರೆದುರು ಗದರಿದ. ಪಾಪ, ಅವನ ಮುಖ ಸಣ್ಣದಾಗಿಹೋಯ್ತು."

ಮನೆಯ ಶೆಡ್ಡಿನಲ್ಲಿ, ಖಾಲಿ ಡ್ರಮ್ಮಿನ ಹಿಂದೆ, ಗೋಣಿಚೀಲ ಸುತ್ತಿದ ಸರಳು ಸಿಕ್ಕಿತು. ಸಂಜೆ ಮೈದುನನನ್ನು ಕೂರಿಸಿ ವಿಚಾರಣೆ ಶುರುವಾಯಿತು.

"ಸರಳು ಹಾಕೋದು ಯಾರ ಕೆಲಸ?"

"ನಂದು. ಹಾಕಿ ಜೀಪಿನ ಬಾಗಿಲು ತಟ್ತೀನಿ. ತಟ್ಟಿದ್ರೆ ಎಲ್ಲ ಸರಿಯಾಗಿದೆ, ಹೊರಡು ಅಂತ."

"ಅವತ್ತು?"

"ತಟ್ಟಿದೆ."

"ಸರಳು?"

"ಕೈಯಲ್ಲೇ ಇತ್ತು."

"ಮರೆತೆಯಾ?"

ಹೌದು ಅಂದುಬಿಡಲಿ ಎಂದು ಇನ್ಸ್‌ಪೆಕ್ಟರ್ ಒಳಗೊಳಗೇ ಹಾರೈಸಿದರು.

"ಇಲ್ಲ ಸಾರ್. ಅಂಗಡಿಯಿಂದ ಬಂದ ಮೇಲೆ ನಮ್ಮಿಬ್ರಿಗೂ ಮಾತಿರಲಿಲ್ಲ. ಸರಳು ಹಿಡ್ಕೊಂಡು ಅವನ ಬಾಗಿಲ ಹತ್ರ ನಿಂತೆ. 'ಹಾಕಿದ್ಯೇನೋ' ಅಂತ ಒಂದು ಮಾತು ಕೇಳ್ತಾನೆ ಅಂದ್ಕೊಂಡೆ. ಕೇಳಿದ್ರೆ ಹಾಕ್ತಿದ್ದೆ. ಮುಖ ಕೂಡ ಈ ಕಡೆ ತಿರುಗಿಸಲಿಲ್ಲ ಸಾರ್. ಹಾಳಾಗಿ ಹೋಗು ಅಂತ ತಟ್ಟಿಬಿಟ್ಟೆ."

ಅಷ್ಟು ಹೇಳಿ ಅವನು ಬಿಕ್ಕಿ ಬಿಕ್ಕಿ ಅತ್ತ. ಕಾನ್‌ಸ್ಟೇಬಲ್ ಗೋಡೆಯ ಕಡೆ ತಿರುಗಿ ನಿಂತ. ಇಂಥ ಕೇಸಿನಲ್ಲಿ ಗೆದ್ದವರು ಯಾರೂ ಇರುವುದಿಲ್ಲ. ಇನ್ಸ್‌ಪೆಕ್ಟರ್ ಬಂಧನದ ವರದಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ 'ಅಣ್ಣ ಮಾತಾಡಿಸಲಿಲ್ಲ' ಎಂದು ಬರೆದು ಸಹಿ ಹಾಕಿದರು.

ಅವನನ್ನು ಲಾಕಪ್ಪಿಗೆ ಕರೆದೊಯ್ಯುವಾಗ ಅತ್ತಿಗೆ ಬಾಗಿಲ ಬಳಿಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ, ಹೊಡೆಯಲಿಲ್ಲ.

"ನಿಮ್ಮಣ್ಣ ಅವತ್ತು ಹೊರಡೋ ಮುಂಚೆ, ಸಂಜೆ ಬಂದು ನಿನ್ನನ್ನ ಮಾತಾಡಿಸ್ತೀನಿ ಅಂದಿದ್ರು ಕಣೋ," ಎಂದಳು.