ಇದ್ದಿಲು ಗೋಡೌನಿನಲ್ಲಿ ಧಾರೆ ಸೀರೆ

ಪೆಟ್ಟಿಗೆಯಲ್ಲಿ ಧಾರೆ ಸೀರೆ ಇರಲಿಲ್ಲ.

ಪುಟ್ಟಲಕ್ಷ್ಮಿಗೆ ಬೆಳಿಗ್ಗೆ ಗಂಡನ ಕಂಕುಳಲ್ಲಿದ್ದ ಗಂಟು ನೆನಪಾಯಿತು. ಏನದು ಎಂದರೆ, "ಯೂನಿಫಾರಂ, ಒಗೆಯೋದಕ್ಕೆ" ಎಂದಿದ್ದ ಹಾಲಸ್ವಾಮಿ. ಮದುವೆಯಾದಂದಿನಿಂದ ನೋಡಿ ನೋಡಿಯೇ ಅವಳ ಕೆನ್ನೆ ಕೆಂಪಾಗಿಸುತ್ತಿದ್ದವನು, ಈಗೊಂದು ವಾರದಿಂದ ಕಣ್ಣು ತಪ್ಪಿಸುತ್ತಿದ್ದ.

"ಗಂಡಸ್ರು ಹೆಂಡ್ತಿ ಸೀರೆ ಒಯ್ಯೋದು ಅಡವಿಡೋದಕ್ಕೆ ಕಣೇ" ಪಕ್ಕದ ಮನೆಯ ಮಹಾಂತಮ್ಮ ನಕ್ಕಳು. "ಇಲ್ಲಾಂದ್ರೆ ಇನ್ನೊಂದಕ್ಕೆ. ಅದನ್ನ ನಾನು ಹೇಳಲ್ಲ."

ದುರ್ಗಿಗುಡಿಯ ತವರಿಗೆ ಹೊರಟುಬಿಡುವುದೆಂದು ಅವಳು ಚೀಲ ತುಂಬಿದಳು. ಆದರೆ ಒಮ್ಮೆ ಅವನ ಮುಖ ನೋಡಿ ಕೇಳದೆ ಹೋಗಲು ಮನಸ್ಸಾಗಲಿಲ್ಲ.

ಗಂಡ ಕೆಲಸ ಮಾಡುವ ಫೈರ್ ಸ್ಟೇಷನ್ನಿಗೆ ಬಂದಳು. ಗೋಪುರದಲ್ಲಿ ಎಂದಿನಂತೆ ಒಣಗಲು ಹಾಕಿದ ಒದ್ದೆ ಪೈಪುಗಳು ನೇತಾಡುತ್ತಿದ್ದವು. ಅವುಗಳ ನಡುವೆ, ನೀರು ತೊಟ್ಟಿಕ್ಕುತ್ತ, ಅವಳ ಕೆಂಪು ಸೀರೆ!

ಪಂಪು ಒರೆಸುತ್ತಿದ್ದ ಹಿರಿಯ ಮುರುಗೇಶಪ್ಪ ತಲೆಯೆತ್ತಿದ. "ಹೇಳೇ ಇಲ್ವೇನಮ್ಮ ಅವ್ನು? ಇದು ಮುಂಚೆ ಒಬ್ಬ ಕಂಟ್ರಾಕ್ಟರನ ಇದ್ದಿಲು ಗೋಡೌನು. ಬೆಂಕಿ ಬಿದ್ದಾಗ, ಪಕ್ಕದ ಗುಡಿಸಲಿನ ಯಲ್ಲಮ್ಮ ಧಾರೆ ಸೀರೆ ನೀರಲ್ಲಿ ಅದ್ದಿ, ಹೊದ್ಕೊಂಡು ನುಗ್ಗಿ, ಒಳಗೆ ಸಿಕ್ಕಿಬಿದ್ದಿದ್ದ ಗಂಡನ್ನ ಎಳ್ಕೊಂಡು ಬಂದ್ಲು. ಗೋಡೆ ಇನ್ನೂ ಕಪ್ಪಗಿದೆ ನೋಡು. ಸ್ಟೇಷನ್ ಆದ್ಮೇಲೆ, ಹೊಸದಾಗಿ ಮದುವೆಯಾದೋನು ಹೆಂಡ್ತಿ ಧಾರೆ ಸೀರೆ ನೆನೆಸಿ ಇಲ್ಲಿ ಒಣಗಿಸ್ಬೇಕು ಅಂತ ಪದ್ಧತಿ. ಗಂಡನ್ನ ಬೆಂಕಿಯಿಂದ ಕಾಯುತ್ತಂತೆ."

ಏಣಿಯಿಂದ ಇಳಿದ ಹಾಲಸ್ವಾಮಿ ಚೀಲ ನೋಡಿ ಬಿಳಿಚಿಕೊಂಡ. "ಎಲ್ಲಿಗೆ?"

"ತವರಿಗೆ. ಪದ್ಧತಿ ಅಂದಿದ್ರೆ ನಾನೇ ಕೊಡ್ತಿದ್ದೆ. ಯಾಕ್ರೀ ಕದ್ರಿ?"

"ಹೇಳಿದ್ರೆ, ನಂಬ್ತೀರಾ ಇದನ್ನೆಲ್ಲ ಅಂತ ಕೇಳ್ತಿದ್ದೆ ನೀನು."

"ನಂಬ್ತೀರಾ?"

ವಾರದಿಂದ ಕಣ್ಣು ತಪ್ಪಿಸುತ್ತಿದ್ದವನು ಈಗ ಅವಳ ಕಣ್ಣನ್ನೇ ನೋಡಿದ. "ಮುಂಚೆ ನಂಬ್ತಿರ್ಲಿಲ್ಲ ಮಾರಾಯ್ತಿ. ಗಂಟೆ ಹೊಡೆದ್ರೆ ಎಲ್ರಿಗಿಂತ ಮೊದ್ಲು ಓಡ್ತಿದ್ದೆ. ಹೋದ ವಾರ ಹೊಗೆ ಮಧ್ಯೆ ನಿಂತಾಗ ನಿನ್ನ ಮುಖ ಕಂಡ್ಬಿಡ್ತು. ಹೆಜ್ಜೆ ಮುಂದಿಡೋಕೇ ಆಗ್ಲಿಲ್ಲ. ಬೆಂಕಿಗೆ ಹೆದರೋ ಫೈರ್‌ಮನ್ ಅಂತ ಹೆಂಡ್ತಿ ಹತ್ರ ಹೇಗೆ ಹೇಳ್ಲಿ?"

ಮುರುಗೇಶಪ್ಪ ಪಂಪಿನ ಆಚೆ ಬದಿಗೆ ಹೋಗಿ, ಆಗಲೇ ಹೊಳೆಯುತ್ತಿದ್ದ ಹಿತ್ತಾಳೆಯನ್ನು ಮತ್ತೆ ಉಜ್ಜತೊಡಗಿದ.

"ಹೆದ್ರಿಕೆ ಇರ್ಲಿ" ಎಂದಳು ಪುಟ್ಟಲಕ್ಷ್ಮಿ. "ಅದಿದ್ರೇನೇ ಹುಷಾರಾಗಿ ಮನೆಗೆ ಬರೋದು. ಸೀರೆ ಅಂಚು ಗೋಡೆ ಮಸಿಗೆ ತಾಗ್ತಿದೆ, ಇನ್ನೂ ಮೇಲಕ್ಕೆ ಕಟ್ಟಿ."

ಅವನು ಏಣಿ ಹತ್ತಿದ. ಅರ್ಧದಲ್ಲಿ ನಿಂತು, "ದುರ್ಗಿಗುಡಿ ಬಸ್ಸು ಹೊರಡೋ ಹೊತ್ತಾಯ್ತಲ್ಲ?" ಎಂದ.

"ಕೆಳಗೆ ನೋಡ್ಬೇಡಿ, ಹತ್ತಿ" ಎಂದು ಗದರಿ, ಅವಳು ಎರಡೂ ಕೈಗಳಿಂದ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡಳು.